ಏಕವಚನದಲ್ಲಿ ಹೇಳಿದ ಮಾತು

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಕುಳ್ಳಿ,

ಹೇಗಿದ್ದೀಯಾ? ಕೆಮ್ಮು ಕಡಿಮೆಯಾಯಿತೇ? ಮರ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಫೋನಿನಲ್ಲಿ ಹೇಳಿದ್ದಕ್ಕೆ "ಹೂಂ" ಅಂದೆ. ನಿನ್ನ ಹೂಂ ನನಗೆ ಗೊತ್ತಿಲ್ಲವೇ, ಅದು ನಿನ್ನ ಅಪ್ಪನ "ಆಗಲಿ" ಇದ್ದ ಹಾಗೆ, ಅದರಿಂದ ಏನೂ ಆಗುವುದಿಲ್ಲ. ಉಳಿ ತಗುಲಿದ ಹೆಬ್ಬೆರಳಿನ ಗಾಯ ಮಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಕೆಲಸ ಕಲಿಸುತ್ತಿರುವ ಬಡಗಿ ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳು. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ರಗಳೆ ತೆಗೆಯುತ್ತದೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಅಪ್ಪನ ವಿಷಯ ಎತ್ತಿದ ಕೂಡಲೇ ನಿನ್ನ ಅಂಟು ಒಣಗಿಹೋಗುತ್ತದೆ, ಯಾರೋ ಕೂಗುತ್ತಾರೆ, ಫೋನ್ ಇಟ್ಟುಬಿಡುತ್ತೀ. ಕಾಗದವಾದರೆ ಮಧ್ಯದಲ್ಲಿ ಇಟ್ಟರೂ ಮತ್ತೆ ಎತ್ತಿಕೊಳ್ಳುತ್ತೀ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮುಖ್ಯ ಸುದ್ದಿ ಎಂದರೆ ಅಪ್ಪನ ಜರ್ಮನ್ ಕಾದಂಬರಿಯ ಅನುವಾದ ಕೊನೆಗೂ ಮುಗಿಯಿತು. ಯಾವುದು ಎಂದು ಕೇಳಬೇಡ, ನೀನು ಮನೆಯಲ್ಲಿದ್ದಾಗಲೇ ಶುರುವಾದದ್ದು, ನಮ್ಮ ಊಟದ ಮೇಜನ್ನು ಅರ್ಧ ನುಂಗಿಕೊಂಡಿತ್ತಲ್ಲ, ಅದೇ. ನೀನು ಒಂದು ಪುಟವನ್ನೂ ಓದಿದವಳಲ್ಲ, ಆದ್ದರಿಂದ ಕಥೆ ಹೇಳುತ್ತೇನೆ. ಹಿಂದಿನ ಕಾಲದ ಒಂದು ಪುಟ್ಟ ಸಂಸ್ಥಾನದಲ್ಲಿ ಒಬ್ಬ ಗುಮಾಸ್ತ. ಇದ್ದ ಕೆಲಸ ಬಿಟ್ಟು, ಸಂಸ್ಥಾನದ ಕಾಲುದಾರಿಗಳದ್ದೆಲ್ಲ ನಕ್ಷೆ ಬರೆಯುತ್ತೇನೆ ಎಂದು ಹೊರಡುತ್ತಾನೆ. ಹೋದಲ್ಲೆಲ್ಲ ತಾನೇ ದಾರಿ ತಪ್ಪುತ್ತಾನೆ. ಊರಿಗೆ ಊರೇ ನಗುತ್ತದೆ, ಎಲ್ಲರಿಗಿಂತ ಹೆಚ್ಚು ನಗುವವನು ಕಥೆ ಹೇಳುವ ಲೇಖಕನೇ. ಅಪ್ಪ ಆ ನಗುವನ್ನು ಕನ್ನಡಕ್ಕೆ ತಂದಿರುವ ರೀತಿ ನೋಡು: "ನಮ್ಮ ಮಹಾಶಯರು ಬೆಳಿಗ್ಗೆ ಉತ್ತರಕ್ಕೆ ಹೊರಟು, ಸಂಜೆಯ ಹೊತ್ತಿಗೆ ತಮ್ಮದೇ ಹಿತ್ತಲಿಗೆ ದಯಮಾಡಿಸಿದರು." ಪುಸ್ತಕದುದ್ದಕ್ಕೂ ಹೀಗೇ, ಮಹಾಶಯರು ಬಂದರು, ಮಹಾಶಯರು ಬಿದ್ದರು. ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಕಣ್ಣು ಮುಚ್ಚಿ ಕೇಳುತ್ತಾರೆ, ಎಲ್ಲಾದರೂ ಕನ್ನಡ ಎಡವಿದರೆ ನಾನು ನಿಲ್ಲಿಸುತ್ತೇನೆ. ನನಗೆ ಜರ್ಮನ್ ಭಾಷೆಯ ಗಂಧಗಾಳಿ ಇಲ್ಲ. ಅದಕ್ಕೇ ನನ್ನ ಕಿವಿಯನ್ನು ನಂಬುತ್ತಾರಂತೆ. ಇದು ಹೊಗಳಿಕೆಯೋ ಅಲ್ಲವೋ ನೀನೇ ಹೇಳು.

ಕೊನೆಯ ಅಧ್ಯಾಯದಲ್ಲಿ ಬೆಟ್ಟದ ಮೇಲೆ ಮಂಜು ಕವಿದು ಶಾಲೆಯ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಾರೆ. ದಾರಿ ಬಲ್ಲವರೆಲ್ಲ ಕೈಚೆಲ್ಲಿ ಕೂತಾಗ, ಅಷ್ಟರಲ್ಲಿ ಮುದುಕನಾಗಿರುವ ಈ ಗುಮಾಸ್ತ ಹೋಗಿ ಎಲ್ಲರನ್ನೂ ಕರೆತರುತ್ತಾನೆ. ತಪ್ಪುದಾರಿಗಳೆಲ್ಲ ಅವನೊಬ್ಬನಿಗೇ ಗೊತ್ತಿದ್ದವಲ್ಲ. ಆಮೇಲೆ ಒಂದು ಸಣ್ಣ ವಾಕ್ಯ, ಅಲ್ಲಿಗೆ ಪುಸ್ತಕ ಮುಗಿಯಿತು. ಅಪ್ಪ ಅದನ್ನು "ನಮ್ಮ ಮಹಾಶಯರು ಒಳ್ಳೆಯವರು" ಎಂದು ಬರೆದಿದ್ದರು. ನಮ್ಮ ಬೀದಿಯ ತುದಿಯ ಪ್ರಕಾಶಕರು ಹಸ್ತಪ್ರತಿ ಓದಿ, ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ "ಕೊನೆಯ ಕುಟುಕು ಸೊಗಸಾಗಿದೆ" ಎಂದು ಮೆಚ್ಚಿ ವಾಪಸು ಕಳಿಸಿದರು. ಅಪ್ಪನ ಮುಖ ನೋಡಬೇಕಿತ್ತು. "ಇದು ಕುಟುಕಲ್ಲ ಕಣೇ. ಇಡೀ ಪುಸ್ತಕದಲ್ಲಿ ಆ ಲೇಖಕ ಮನಸಾರೆ ಹೇಳಿರೋದು ಇದೊಂದೇ ಮಾತು" ಎಂದು ಊಟ ಬಿಟ್ಟು ಎದ್ದುಹೋದರು.

ಆ ಹಳೆಯ ಜರ್ಮನ್ ಕಾದಂಬರಿಕಾರರ ಬಗ್ಗೆ ಅಪ್ಪನ ವಾದ ನಿನಗೆ ಗೊತ್ತೇ ಇದೆ. ಎದೆಯ ಮಾತನ್ನು ನೇರವಾಗಿ ಆಡಲು ಅವರಿಗೆ ವಿಪರೀತ ನಾಚಿಕೆಯಂತೆ. ಅದಕ್ಕೇ ಮೊದಲು ನೂರಾರು ಪುಟ ಗೇಲಿ ಮಾಡಿ, ಕೊನೆಗೆ ಒಂದು ನೇರ ಮಾತು ಆಡುವ ಧೈರ್ಯ ತಂದುಕೊಳ್ಳುತ್ತಾರಂತೆ. ಹಾಗಾದರೆ ಅವರೆಲ್ಲ ನಿಮ್ಮ ಕಡೆಯ ನೆಂಟರೇ ಇರಬೇಕು ಎಂದೆ. ನಗಲಿಲ್ಲ. ಆ ಒಂದು ವಾಕ್ಯವನ್ನು ಹಿಡಿದುಕೊಂಡು ದಿನಗಟ್ಟಲೆ ಒದ್ದಾಡಿದರು. "ನಿಜವಾಗಿಯೂ ಒಳ್ಳೆಯವರು" ಎಂದು ಬರೆದರು. ನಿಜವಾಗಿಯೂ ತಾಜಾ ಎನ್ನುವ ತರಕಾರಿಯವನ ಬುಟ್ಟಿಯನ್ನೇ ನಾನು ಎರಡು ಸಲ ಕೆದಕುವುದು ಎಂದೆ, ಹೊಡೆದುಹಾಕಿದರು. "ಸಜ್ಜನರು" ಎಂದು ಬರೆದರು, ಶ್ರದ್ಧಾಂಜಲಿ ಸಭೆಯ ಭಾಷಣದಂತಾಯಿತು. ಹೇಗೆ ಬರೆದರೂ ಮೂಲೆಯಲ್ಲಿ ಯಾರೋ ಕಿಸಕ್ಕೆಂದ ಹಾಗೆ ಕೇಳಿಸುತ್ತಿತ್ತು. ಆಮೇಲೆ ಬರೆಯುವುದನ್ನೇ ನಿಲ್ಲಿಸಿ ಕಿಟಕಿಯ ಹತ್ತಿರ ಸುಮ್ಮನೆ ಕೂರತೊಡಗಿದರು. ಒಂದು ವಾಕ್ಯಕ್ಕಾಗಿ ಇಷ್ಟೊಂದು ಕೊರಗುವುದೇ ಎಂದು ನನಗೆ ಆಶ್ಚರ್ಯ, ಸ್ವಲ್ಪ ಭಯವೂ ಆಯಿತು.

ಭಾನುವಾರ ಒಗೆದ ಬಟ್ಟೆ ಮಡಚುತ್ತಿದ್ದೆ. ನಿನ್ನ ಹಳೆಯ ಹಸಿರು ಸ್ವೆಟರ್ ಕೈಗೆ ಬಂತು. ಈಗ ಅದನ್ನು ಅಪ್ಪ ಹಾಕಿಕೊಳ್ಳುತ್ತಾರೆ, ತೋಳು ಮೊಣಕೈಗೇ ನಿಲ್ಲುತ್ತದೆ, ಬಿಚ್ಚಿ ಕೊಡಿ ಎಂದರೆ ಬಿಚ್ಚುವುದಿಲ್ಲ. ಅದನ್ನು ಮಡಚುವಾಗ, ಕಾಲೇಜಿನ ಕೆಲಸ ಬಿಟ್ಟು ಬಡಗಿ ಕೆಲಸ ಕಲಿಯಲು ಹೋಗುತ್ತೇನೆ ಎಂದು ನೀನು ಹೇಳಿದ ಆ ಬೆಳಿಗ್ಗೆ ನೆನಪಾಯಿತು. ನಿನ್ನೊಡನೆ ಅಪ್ಪನ ತಮಾಷೆಯೆಲ್ಲ ಮೊದಲಿನಿಂದಲೂ ಬಹುವಚನದಲ್ಲೇ ಅಲ್ಲವೇ? "ಮಹಾರಾಣಿಯವರು ಎದ್ದರೋ?" "ಅಮ್ಮಾವ್ರ ಸವಾರಿ ಎಲ್ಲಿಗೆ?" ನೀನು ತರಗತಿಗೇ ಮೊದಲು ಬಂದಾಗ, "ತಾವು ಬೇರೆ ಯಾರದೋ ಅಂಕಪಟ್ಟಿ ತಂದಿಲ್ಲ ತಾನೇ?" ಆದರೆ ಆ ಬೆಳಿಗ್ಗೆ ಹೇಗೆ ಹೇಳಿದರು, ನೆನಪಿಸಿಕೋ. "ಒಳ್ಳೇ ಕೆಲಸ ಮಾಡ್ದೆ. ನಾನು ಬರೀ ಮಾತಲ್ಲೇ ಬದುಕು ಕಳೆದೆ. ನೀನು ನೆಟ್ಟಗೆ ನಿಲ್ಲೋ ಅಂಥದ್ದೇನಾದ್ರೂ ಮಾಡು." ನೀನು ತಟ್ಟೆ ಸರಿಸಿ, "ಇದ್ರಲ್ಲೂ ತಮಾಷೆನಾ ಅಪ್ಪಾ?" ಎಂದು ಎದ್ದುಹೋದೆ. ಅವತ್ತು ಹೋದವಳು ಅವರೊಡನೆ ಇವತ್ತಿನವರೆಗೂ ಮಾತಾಡಿಲ್ಲ. ನನಗೂ ಅವತ್ತು ಅದು ಕುಹಕವೆಂದೇ ಕೇಳಿಸಿತ್ತು. ಅವರನ್ನು ಮೊದಲ ಸಲ ನೋಡಿದವರು ಯಾರಾದರೂ ಆ ಮಾತನ್ನು ಇದ್ದ ಹಾಗೇ ನಂಬುತ್ತಿದ್ದರು. ನಾವು ಅವರನ್ನು ಚೆನ್ನಾಗಿ ಬಲ್ಲವರು ನೋಡು, ಅದಕ್ಕೇ ಮೋಸಹೋದೆವು.

ಸ್ವೆಟರ್ ಹಿಡಿದುಕೊಂಡೇ ಅವರ ಕೋಣೆಗೆ ಹೋಗಿ, ಮಹಾಶಯರನ್ನೂ ಬಹುವಚನವನ್ನೂ ತೆಗೆದುಬಿಡಿ ಎಂದೆ. ಅರ್ಥವಾಗಲಿಲ್ಲ. ಪೆನ್ನು ಕಸಿದುಕೊಂಡು ನಾನೇ ಬರೆದೆ: "ಅವನು ಒಳ್ಳೆಯವನು." ಇಷ್ಟು ಪುಟ ದಯಮಾಡಿಸಿದವನು, ಬಿಜಯಂಗೈದವನು, ಕಡೆಯ ಸಾಲಿನಲ್ಲಿ ಬರೀ ಅವನು. ಅಪ್ಪ ಬಾಯಲ್ಲಿ ಹೇಳಿಕೊಂಡು ನೋಡಿದರು. ಕಿಸಕ್ಕೆನ್ನುವ ಸದ್ದು ಇರಲಿಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, "ಅವಳಿಗೂ ಹೀಗೇ ಹೇಳಿದ್ದೆ" ಎಂದರು. ಗೊತ್ತು ಎಂದೆ. ಇಷ್ಟು ದಿನ ಅವರು ಕೊರಗಿದ್ದು ಯಾವ ವಾಕ್ಯಕ್ಕೆ ಎಂದು ನನಗೆ ಆಗ ತಿಳಿಯಿತು, ಕುಳ್ಳಿ.

ನೀನು ನನಗೆಂದು ಕಳಿಸಿದ ಸ್ಟೂಲು ಈಗ ಅವರ ಕೋಣೆ ಸೇರಿದೆ, ಮೇಲೆ ಆ ದಪ್ಪ ಜರ್ಮನ್ ನಿಘಂಟು ಕೂತಿದೆ. ಮನೆಗೆ ಬಂದವರಿಗೆ "ಮಹಾರಾಣಿಯವರ ಕೈಚಳಕ, ಒಂದು ಕಾಲು ಸ್ವಲ್ಪ ಮೋಟು" ಎನ್ನುತ್ತಾರೆ. ನಾನು ಅಳತೆಪಟ್ಟಿ ಹಿಡಿದು ನೋಡಿದೆ, ಎಲ್ಲವೂ ಒಂದೇ ಸಮ ಇವೆ. ಒಬ್ಬರೇ ಇದ್ದಾಗ ಅದರ ಅಂಚನ್ನು ಅಂಗೈಯಿಂದ ಸವರುತ್ತಾ ಕೂರುತ್ತಾರೆ. ನಿನ್ನ ಬಗ್ಗೆ ಅವರಿಗೆ ತುಂಬಾ ಹೆಮ್ಮೆ ಇದೆ. ಅವರ ಬಾಯಿಂದ ಬರುವ ತನಕ ನನ್ನ ಬಾಯಿಂದಲೇ ಕೇಳಿಕೊಂಡಿರು.

ಕೆಲಸ ನಿನ್ನ ಕೈ ಹಿಡಿಯಲಿ, ಬೆರಳು ಹತ್ತೂ ಉಳಿಯಲಿ. ನಿನ್ನ ನೆನಪು ಬರದ ಹೊತ್ತಿಲ್ಲ.

ನಿನ್ನ
ಅಮ್ಮ

ಮರೆತಿದ್ದೆ: ಶುಕ್ರವಾರ ಬೆಳಗಿನ ರೈಲಿಗೆ ಅಪ್ಪ ಅಲ್ಲಿಗೆ ಬರುತ್ತಿದ್ದಾರೆ. ಪ್ರಕಾಶಕರನ್ನು ನೋಡಿಬರುತ್ತೇನೆ ಎಂದು ನನ್ನ ಹತ್ತಿರ ಹೇಳಿದ್ದಾರೆ. ಬೀದಿಯ ತುದಿಗೆ ಹೋಗಲು ರೈಲು ಯಾಕೆ ಎಂದು ನಾನು ಕೇಳಿಲ್ಲ. ನಿನ್ನ ಕೆಲಸದ ಜಾಗದ ಬಾಗಿಲಲ್ಲಿ ನಿಂತು "ಮಹಾರಾಣಿಯವರಿಗೆ ಬಿಡುವಿದೆಯೋ?" ಎಂದು ಶುರು ಮಾಡಿದರೆ, ಅದು ತಮಾಷೆಯಲ್ಲ, ಪುಕ್ಕಲುತನ. ಜಗಳ ತೆಗೆಯಬೇಡ. ಕೂರಲು ಏನಾದರೂ ಕೊಡು, ನೀನೇ ಮಾಡಿದ್ದಾದರೆ ಒಳ್ಳೆಯದು. ಸ್ವಲ್ಪ ಹೊತ್ತು ಬಿಟ್ಟರೆ ಏಕವಚನಕ್ಕೆ ಬರುತ್ತಾರೆ. ಈ ಸಲ ನಂಬು.