ಹಸಿರು ಬಳೆಯೊಳಗಿನ ಗುಳ್ಳೆ

ಮಾದನಹಿಪ್ಪರಗಾ
ತಾ. ೧೨-೬-೧೯೪೮

ಮುದ್ದಿನ ಮಗಳು ಭಾಗಮ್ಮನಿಗೆ ನಿನ್ನ ಅಪ್ಪನ ಆಶೀರ್ವಾದ.

ಮೈಯಲ್ಲಿ ಹುಷಾರಾಗಿದ್ದೀಯಾ ತಾಯಿ? ಊಟ ಸೇರುತ್ತಿದೆಯೋ, ಇನ್ನೂ ವಾಂತಿಯೋ? ಸೊಲ್ಲಾಪುರದ ನೀರು ಒಗ್ಗದಿದ್ದರೆ ಕಾಯಿಸಿ ಆರಿಸಿ ಕುಡಿ. ಅಳಿಯಂದಿರು ಗಿರಣಿಯಿಂದ ಬರುವುದು ತಡವಾದರೆ ದಾರಿ ಕಾಯುತ್ತ ಉಪವಾಸ ಕೂಡಬೇಡ. ನಾವಿಲ್ಲಿ ಕ್ಷೇಮ. ನಿನ್ನ ಎಮ್ಮೆ ಈದಿದೆ; ನಿನ್ನ ಅವ್ವನ ಹೊರತು ಯಾರು ಹತ್ತಿರ ಹೋದರೂ ಒದೆಯುತ್ತದೆ.

ಬಸುರಿನ ಕುಬಸಕ್ಕೆ ತವರಿಗೆ ಬರಬೇಡವೆಂದು ಹೇಳಿ ಕಳಿಸಿದ್ದಕ್ಕೆ ನಿನಗೆ ಸಿಟ್ಟು ಬಂದಿದೆಯಂತೆ. ಏನು ಮಾಡಲಿ? ಎಲ್ಲೆಲ್ಲೂ ನಿಜಾಮನ ಕಡೆಯ ರಜಾಕಾರರ ಗದ್ದಲ, ಗಡಿಯ ನಾಕಾದಲ್ಲಿ ಗಾಡಿ ನಿಲ್ಲಿಸಿ ಗಂಟು ಬಿಚ್ಚಿಸುತ್ತಾರೆ. ಬಸುರಿ ಮಗಳನ್ನು ಆ ದಾರಿಗೆ ಹಾಕಲು ನನಗೆ ಧೈರ್ಯವಾಗಲಿಲ್ಲ. ಹಾಗಾದರೆ ತಾನೇ ಹೋಗುತ್ತೇನೆಂದು ನಿನ್ನ ಅವ್ವ ಹಟ ಹಿಡಿದಳು. ತವರಿನ ಹಸಿರು ಬಳೆಯನ್ನು ಹೆತ್ತವಳೇ ಇಡಿಸಬೇಕಂತೆ. ಅವಳಿಗೂ ಬೇಡವೆಂದೆ. ಅಂದಿನಿಂದ ರೊಟ್ಟಿ ಬಡಿಸುತ್ತಾಳೆ, ಮಾತಾಡುವುದಿಲ್ಲ. ಬಳೆಯನ್ನಾದರೂ ಕಳಿಸೋಣ, ಅಂಗಡಿಯ ಗಾಜಿನದಲ್ಲ, ನನ್ನ ಕೈಯ ಅರಗಿನದು ಎಂದು ಕೆಲಸಕ್ಕೆ ಕುಳಿತೆ.

ಅರಗು, ರಾಳ ಕೂಡಿಸಿ ಕರಗಿಸಿ, ಹಸಿರು ಬಣ್ಣ ಬೆರೆಸಿ, ನಮ್ಮ ಹಿರಿಯರ ಕಲ್ಲಿನ ಅಚ್ಚಿಗೆ ಹೊಯ್ದೆ. ಆರಿದ ಮೇಲೆ ನೋಡಿದರೆ ಸಾಸಿವೆ ಚೆಲ್ಲಿದಂತೆ ಮೈತುಂಬ ಗುಳ್ಳೆ. ಗುಳ್ಳೆ ಇದ್ದಲ್ಲಿ ಬಳೆ ಒಡೆಯುತ್ತದೆ. ಕುಬಸದ ಬಳೆ ಬಸುರಿಯ ಕೈಯಲ್ಲಿ ಒಡೆಯಬಾರದು. ಮತ್ತೆ ಕರಗಿಸಿದೆ. ಈ ಸಲ ಜೋರಾಗಿ ಕಲಕಲಿಲ್ಲ, ಕಡ್ಡಿಯನ್ನು ಮೆಲ್ಲಗೆ ಆಡಿಸಿ, ಅಂಚಿನಿಂದ ಸಣ್ಣ ಧಾರೆಯಾಗಿ ಬಿಟ್ಟೆ. ಮೇಲೆದ್ದ ಗುಳ್ಳೆಗಳನ್ನು ಜಾಲಿಮುಳ್ಳಿನಿಂದ ಚುಚ್ಚಿದೆ, ಕೆಂಡ ಹತ್ತಿರ ಹಿಡಿದೆ. ಮೇಲಿನವು ಒಡೆದವು, ತಳದವು ಹಾಗೇ ಉಳಿದವು. ನೀನು ಹೋದ ಮೇಲೆ ನನ್ನ ಕೈಗುಣವೇ ಕೆಟ್ಟಿತೆಂದು ಅಚ್ಚನ್ನು ಅತ್ತ ಸರಿಸಿ ಕೂತೆ.

ಆಗ ನಿನ್ನ ಅವ್ವ ಬಾಯಿ ಬಿಟ್ಟಳು. "ಮುಂಜಾನೆದ್ದು ಅಚ್ಚ ತೊಳದು ಈಬೂತಿ ಹಚ್ಚಿ ಪೂಜಿ ಮಾಡ್ತೀರಿ. ಹಸಿ ಕಲ್ಲಿಗಿ ಕಾದ ಅರಗ ಹೊಯ್ದ್ರ ಗುಳ್ಳಿ ಏಳಲಾರದ ಮಲ್ಲಿಗಿ ಅರಳ್ತದೇನ್ರಿ?" ಪೂಜೆ ಬಿಡಲೇನು ಎಂದೆ. "ಬಿಡಬ್ಯಾಡ್ರಿ. ನೀವು ಎದ್ದ ಮ್ಯಾಲ ಭಾಗೂ ಅದನ್ನ ಒಲಿ ಮಗ್ಗಲಾ ಇಟ್ಟು ಕಾಸ್ತಿದ್ಲು. ಕೂಸಿನಂಗ ಅರಿವ್ಯಾಗ ಸುತ್ತಿ ತಂದು ನಿಮ್ಮ ಮುಂದ ಇಡ್ತಿದ್ಲು." ಅಚ್ಚು ಬೆಚ್ಚಗಿರುವುದು ಬಿಸಿಲಿಗೆ ಎಂದುಕೊಂಡಿದ್ದೆ ಮಗಳೇ. ಊರವರು ನನ್ನ ಕೈ ಹೊಗಳುವಾಗ ನೀನು ಒಲೆಯ ಮುಂದೆ ನಗುತ್ತಿದ್ದೆಯೇನು, ಕಳ್ಳಿ?

ಅಚ್ಚು ಕಾಯುವವರೆಗೆ ನಾವಿಬ್ಬರೂ ಒಲೆಯ ಮುಂದೆ ಕೂತು ನಿನ್ನ ಮಾತೇ ಆಡಿದೆವು. ಈಗಿನ ಬಳೆಗಳನ್ನು ಬೆಳಕಿಗೆ ಹಿಡಿದು ನೋಡು, ಎಳೆ ಜೋಳದ ಗರಿಯ ಬಣ್ಣ, ಒಂದು ಗುಳ್ಳೆಯಿಲ್ಲ. ಅರಳೆಯಲ್ಲಿ ಸುತ್ತಿ ನಮ್ಮ ನೆರೆಮನೆಯ ಖಾದರಸಾಬ ಕಾಕಾನ ಗಾಡಿಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಅತ್ತೆಯವರಿಂದ ಇಡಿಸಿಕೋ, ಅವ್ವನ ಕೈ ಎಂದೇ ತಿಳಿ.

ಬೀಗರಿಗೂ ಅಳಿಯಂದಿರಿಗೂ ನನ್ನ ಶರಣು. ಶಿವ ನಿನ್ನ ಮಡಿಲು ಕಾಯಲಿ.

ನಿನ್ನ ಅಪ್ಪ,
ಕಲ್ಯಾಣಪ್ಪ

ತಾ.ಕ.: ಅತ್ತೆಯವರಿಂದ ಇಡಿಸಿಕೋ ಎಂದದ್ದನ್ನು ಹೊಡೆದುಹಾಕು. ಬಳೆಯ ಗಂಟು ಹಿಡಿದು ಹೊರಗೆ ಬಂದರೆ ನಿನ್ನ ಅವ್ವ ಆಗಲೇ ಗಾಡಿ ಏರಿದ್ದಾಳೆ, ಕಾಕಾನ ಹೆಂಡತಿಯ ಬುರ್ಕಾ ಹಾಕಿಕೊಂಡು! "ನಾಕಾದಾಗ ಕೇಳಿದ್ರ ನಮ್ಮ ಅಕ್ಕ ಅಂತೀನಿ ಅಣ್ಣಾ. ಸುಳ್ಳೇನಲ್ಲಲ್ಲ?" ಅಂದ ಖಾದರಸಾಬ. ಬಳೆಯ ಗಂಟನ್ನು ಅವಳ ಮಡಿಲಿಗೇ ಹಾಕಿ, ಗಾಡಿ ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ. ಈ ಸಾಲು ಓದುವಾಗ ಅವಳು ನಿನ್ನೆದುರೇ ಕೂತಿರಬೇಕು. ಬಾಣಂತನ ಮುಗಿಯುವವರೆಗೆ ಅಲ್ಲೇ ಇರಿಸಿಕೋ. ಎಮ್ಮೆ ನನ್ನನ್ನು ಒದ್ದರೆ ಒದೆಯಲಿ. ಅವಳು ಮುಟ್ಟಿದ ಸುದ್ದಿಯನ್ನು ಮಾತ್ರ ಕಾಕಾನ ಕೈಯಲ್ಲೇ ಕಳಿಸು. ಅಲ್ಲಿಯವರೆಗೆ ನನಗೆ ರೊಟ್ಟಿ ಇಳಿಯುವುದಿಲ್ಲ.