ಆಯುಧಪೂಜೆಯ ದಿನ ಭಾರ ಎತ್ತಿದ ಕ್ರೇನು

ಕಾರ್ಖಾನೆಗಳ ಕ್ರೇನು ತಪಾಸಣೆಯ ಹೊಣೆ ಹೊತ್ತ ಅಧಿಕಾರಿಗಳೇ,

‘ಮಾನ್ಯರೇ’ ಎಂದು ಶುರು ಮಾಡುವುದು ರೂಢಿ. ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿದೆ. ಕೈ ಬರಲಿಲ್ಲ, ಕ್ಷಮಿಸಿ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯಲ್ಲಿ ಸಂಕ್ರಾಂತಿ ಮುಗಿದ ವಾರ ಕ್ರೇನಿನ ಉಕ್ಕಿನ ಹಗ್ಗ ತುಂಡಾಯಿತು. ಎರಡೂವರೆ ಟನ್ನಿನ ಡೈ ಎಂಬ ಉಕ್ಕಿನ ಅಚ್ಚು ಬಿದ್ದು ಮುತ್ತಣ್ಣ ಎಂಬ ಕೆಲಸಗಾರನ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ‘ಕ್ರೇನು ಸುಸ್ಥಿತಿಯಲ್ಲಿತ್ತು, ಚಾಲಕನ ನಿರ್ಲಕ್ಷ್ಯವೇ ಅಪಘಾತಕ್ಕೆ ಕಾರಣ’ ಎಂದು ನೀವು ವರದಿ ಕೊಟ್ಟಿರಿ. ಆ ವರದಿಯ ಮೇಲೆ ಚಾಲಕ ಮಲಕಪ್ಪನ ವಿರುದ್ಧ ಕೇಸು ನಡೆಯುತ್ತಿದೆ. ಬರುವ ಹದಿನೆಂಟಕ್ಕೆ ವಿಚಾರಣೆ. ನಿಮ್ಮ ವರದಿ ಸುಳ್ಳು, ಮತ್ತು ಅದು ಸುಳ್ಳೆಂದು ನಿಮಗೆ ಗೊತ್ತು.

ನನಗೆ ಹೇಗೆ ಗೊತ್ತು ಎನ್ನುವಿರಾ? ಅದೇ ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಎಲೆಕ್ಟ್ರಿಷಿಯನ್. ಆ ಕ್ರೇನನ್ನು ಹಳಿಯ ಮೇಲೆ ಕೂರಿಸಿದ ದಿನದಿಂದ ಅದರ ನರನಾಡಿಯೆಲ್ಲ ಬಲ್ಲೆ. ವರದಿಯ ಜೊತೆಗೆ ನೀವೇ ಸಹಿ ಹಾಕಿದ ಒಂದು ಪ್ರಮಾಣಪತ್ರ ಲಗತ್ತಿಸಿದ್ದೀರಿ. ಅದರ ಪ್ರಕಾರ ತಾವು ಖುದ್ದಾಗಿ ಬಂದು, ಐದು ಟನ್ನಿನ ಕ್ರೇನಿನಿಂದ ಪರೀಕ್ಷೆಯ ನಿಯಮದಂತೆ ಆರೂಕಾಲು ಟನ್ ಎತ್ತಿಸಿ, ಏಣಿ ಹತ್ತಿ, ಹಗ್ಗ, ಬ್ರೇಕು, ಸ್ವಿಚ್ಚು ಎಲ್ಲವನ್ನೂ ಪರೀಕ್ಷಿಸಿ ತೃಪ್ತರಾಗಿದ್ದೀರಿ. ದಿನಾಂಕ ಹಾಕಿದ್ದೀರಿ, ಬೆಳಿಗ್ಗೆ ಹನ್ನೊಂದು ಎಂದು ಸಮಯವನ್ನೂ ಬರೆದಿದ್ದೀರಿ. ಆ ದಿನ ಯಾವುದೆಂದು ಒಮ್ಮೆಯಾದರೂ ಕ್ಯಾಲೆಂಡರ್ ನೋಡಿದಿರಾ ಸ್ವಾಮಿ? ಆಯುಧಪೂಜೆ! ಸರ್ಕಾರಿ ರಜೆಯ ದಿನ, ಮನೆಯ ಒಬ್ಬಟ್ಟಿನ ಊಟ ಬಿಟ್ಟು, ನಮ್ಮ ಶೆಡ್ಡಿನ ಧೂಳಿನಲ್ಲಿ ಏಣಿ ಹತ್ತಿದ ಮಹಾನುಭಾವರು ತಾವು. ಎಂಥ ಕರ್ತವ್ಯನಿಷ್ಠೆ!

ಆ ದಿನ ನಮ್ಮಲ್ಲಿ ಏನು ನಡೆಯುತ್ತದೆಂದು ಹೇಳುತ್ತೇನೆ, ಕೇಳಿ. ಕ್ರೇನಿನ ಕೊಕ್ಕೆಯನ್ನು ಎದೆಯೆತ್ತರಕ್ಕೆ ಇಳಿಸಿ ತೊಳೆಯುತ್ತೇವೆ. ಶೆಡ್ಡು ಗುಡಿಸುವ ಭಾಗ್ಯಮ್ಮ ಅದಕ್ಕೆ ಚೆಂಡುಹೂವಿನ ಹಾರ ಸುತ್ತಿ ಬಾಳೆಕಂದು ಕಟ್ಟುತ್ತಾರೆ. ನಾನು ಮೇನ್ ಸ್ವಿಚ್ ಆರಿಸಿ ಅದರ ಹಿಡಿಗೆ ವಿಭೂತಿ, ಕುಂಕುಮ ಹಚ್ಚುತ್ತೇನೆ. ಪೂಜೆಯಾದ ಮೇಲೆ ಮರುದಿನ ಬೆಳಗಿನವರೆಗೆ ಆ ಹಿಡಿಯನ್ನು ಯಾರೂ ಮುಟ್ಟುವಂತಿಲ್ಲ. ಉಳಿದ ದಿನ ನಾವು ನೀರು ಕುಡಿಯಲು ಹೋದರೂ ಗಡಿಯಾರ ನೋಡುವ ಮ್ಯಾನೇಜರು ಕೂಡ ಅಂದು ಮುಟ್ಟುವುದಿಲ್ಲ. ನೀವು ಆರೂಕಾಲು ಟನ್ ಎತ್ತಿಸುತ್ತಿದ್ದ ಹೊತ್ತಿನಲ್ಲಿ ನಾವು ಗೇಟಿನ ಮುಂದೆ ಬೂದುಗುಂಬಳ ಒಡೆದು, ಪುರಿ ತಿನ್ನುತ್ತಾ, ಕ್ರೇನಿನ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ಸ್ಟೋರಿನ ಶಶಿಕುಮಾರನ ಮೊಬೈಲಿನಲ್ಲಿ ಅದು ಇದೆ, ಸಮಯ ಹನ್ನೊಂದು ಹತ್ತು. ಮಲಕಪ್ಪ ಮುತ್ತಣ್ಣನ ಹೆಗಲ ಮೇಲೆ ಕೈ ಹಾಕಿಕೊಂಡು ಹಲ್ಲು ಬಿಡುತ್ತಿದ್ದಾನೆ. ಆರೂಕಾಲು ಟನ್ ಭಾರ ಎಲ್ಲೂ ಕಾಣುವುದಿಲ್ಲ. ತಾವೂ ಕಾಣುವುದಿಲ್ಲ.

ಸುಳ್ಳು ಸಹಿಯೊಂದರಿಂದ ಯಾರ ಕಾಲು ಹೋಗುತ್ತದೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ಹೇಳಲು ನನ್ನ ಮರ್ಯಾದೆಯನ್ನೂ ಬೀದಿಗೆ ಹಾಕಬೇಕು, ಹಾಕುತ್ತೇನೆ.

ಕೊಕ್ಕೆ ತೀರಾ ಮೇಲಕ್ಕೆ ಹೋಗಿ, ಹಗ್ಗ ಸುತ್ತುವ ಡ್ರಮ್ಮಿಗೆ ಬಡಿಯುವ ಮೊದಲೇ ಮೋಟಾರು ನಿಲ್ಲಿಸಲು ಕ್ರೇನಿನಲ್ಲಿ ಲಿಮಿಟ್ ಸ್ವಿಚ್ ಎಂಬುದು ಇರುತ್ತದೆ. ಕಳೆದ ಜೂನಿನಲ್ಲಿ ಶೆಡ್ಡಿನ ನಡುವೆ ಎತ್ತರದ ಹೊಸ ಪ್ರೆಸ್ ಯಂತ್ರ ತಂದು ಕೂರಿಸಿದರು. ಡೈಗಳನ್ನು ಅದರ ತಲೆಯ ಮೇಲಿಂದ ದಾಟಿಸಬೇಕು, ಲಿಮಿಟ್ ಸ್ವಿಚ್ಚು ಒಂದಡಿ ಕೆಳಗೇ ನಿಲ್ಲಿಸುತ್ತದೆ. ಮ್ಯಾನೇಜರು ನನ್ನನ್ನು ಕರೆದರು. “ಒಂದಡಿಗೋಸ್ಕರ ಪ್ರೆಸ್ ಕಿತ್ತಿಡಕ್ಕಾಗತ್ತೇನ್ರೀ ರಾಯಪ್ಪ? ಒಂದು ತಂತಿ ಹಾಕಿ ಬೈಪಾಸ್ ಮಾಡ್ಬಿಡಿ. ಇನ್‌ಸ್ಪೆಕ್ಷನ್ ಬಂದಾಗ ತೆಗೆದ್ರಾಯ್ತು” ಎಂದರು. ಆಗುವುದಿಲ್ಲ ಎನ್ನಬೇಕಿತ್ತು. ಐವತ್ಮೂರರ ವಯಸ್ಸಿನಲ್ಲಿ ಇನ್ನೊಂದು ಗೇಟಿನ ಮುಂದೆ ಹೋಗಿ ನಿಲ್ಲಲು ಹೆದರಿದೆ. ಹತ್ತಿದೆ, ಸ್ವಿಚ್ಚು ಇದ್ದೂ ಇಲ್ಲದಂತೆ ತಂತಿ ಹಾಕಿದೆ, ಇಳಿದೆ. ಇನ್‌ಸ್ಪೆಕ್ಷನ್ ಬಂದಾಗ ತೆಗೆಯೋಣವೆಂದು ಕಾದೆ. ಗಣೇಶ ಬಂದು ಹೋದ, ದಸರಾ ಬಂದು ಹೋಯಿತು, ನೀವು ಮಾತ್ರ ಬರಲಿಲ್ಲ. ನೀವು ಬರಲಿಲ್ಲವೆಂದು ನಾನು ತಂತಿ ತೆಗೆಯಲಿಲ್ಲ.

ಅವತ್ತು ಏನಾಯಿತೆಂದು ನಿಮ್ಮ ವರದಿಯಲ್ಲಿ ಇಲ್ಲ. ಮಲಕಪ್ಪನ ಕೈಯಲ್ಲಿ ಕ್ರೇನಿನ ಗುಂಡಿಗಳಿರುವ ಡಬ್ಬಿ, ಡೈ ಪ್ರೆಸ್ಸಿನ ಮೇಲೆ. ದಾರಿಯ ತುಂಬ ಕ್ರೇಟುಗಳನ್ನು ಒಟ್ಟಿದ್ದರಿಂದ ಮುತ್ತಣ್ಣ ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ಡೈಗೆ ಕಟ್ಟಿದ ಹಗ್ಗ ಹಿಡಿದು ಕೆಳಗೇ ನಿಂತಿದ್ದ. ‘ಸಾಕು’ ಎಂದು ಕೈ ಮಾಡಿದ. ಮಲಕಪ್ಪ ಬೆರಳು ತೆಗೆದ. ಗುಂಡಿ ಮೇಲೆ ಬರಲಿಲ್ಲ, ಒಳಗೇ ಕಚ್ಚಿಕೊಂಡಿತು. “ನಿಲ್ಲವಲ್ದೋ! ಸರಿಯೋ ಮುತ್ತ್ಯಾ, ಸರಿಯೋ!” ಎಂದು ಅವನು ಕೂಗಿದ್ದು ಪ್ಯಾನೆಲ್ಲಿನ ಬಳಿಯಿದ್ದ ನನ್ನ ಕಿವಿಗೆ ಬಿತ್ತು. ಅವನು ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿ ಗುದ್ದುವಷ್ಟರಲ್ಲಿ ಆ ಒಂದಡಿ ಮುಗಿದು, ಕೊಕ್ಕೆ ಡ್ರಮ್ಮಿಗೆ ಬಡಿದು ಹಗ್ಗ ತುಂಡಾಗಿತ್ತು. ಲಿಮಿಟ್ ಸ್ವಿಚ್ ಕೆಲಸ ಮಾಡುತ್ತಿದ್ದರೆ ಕೊಕ್ಕೆ ತಾನಾಗಿಯೇ ನಿಲ್ಲುತ್ತಿತ್ತು. ಡಬ್ಬಿ ಬಿಚ್ಚಿದವನು ನಾನು. ಗುಂಡಿಯ ಸ್ಪ್ರಿಂಗು ಮುರಿದಿತ್ತು. ಗುಂಡಿ ಹಿಡಿಯುತ್ತಿದೆ ಎಂದು ಮಲಕಪ್ಪ ಶಿಫ್ಟ್ ಪುಸ್ತಕದಲ್ಲಿ ಮೂರು ಸಲ ಬರೆಸಿದ್ದ. ಆ ಪುಸ್ತಕ ನೀವು ಕೇಳಲೇ ಇಲ್ಲ. ಮುತ್ತಣ್ಣ ಇನ್ನೂ ಆ್ಯಂಬುಲೆನ್ಸಿನಲ್ಲಿದ್ದಾಗ ಮ್ಯಾನೇಜರು, “ಮೊದ್ಲು ಮೇಲ್ಹತ್ತಿ ಆ ತಂತಿ ತೆಗೀರಿ” ಎಂದರು. ಥೂ ನನ್ನ ಜನ್ಮಕ್ಕೆ! ಅದನ್ನೂ ಮಾಡಿದೆ.

ಕೊನೆಗೆ ಮನಸ್ಸು ತಡೆಯದೆ ಫೆಬ್ರವರಿಯಲ್ಲಿ ನಿಮ್ಮ ಕಚೇರಿಗೆ ಬಂದೆ. ತಂತಿಯನ್ನೂ ಸ್ಪ್ರಿಂಗನ್ನೂ ನಿಮ್ಮ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ನೆನಪಿದೆಯೇ, ಏನಂದಿರಿ? “ನೋಡಿ, ನೀವು ಹೇಳಿದ್ದು ಬರ್ಕೊಂಡ್ರೆ ಮೊದ್ಲು ಒಳಗೆ ಹೋಗೋರು ನೀವೇ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ರಿಪೋರ್ಟು ಆಗ್ಲೇ ಹೋಗಿದೆ, ಮನೆಗೆ ಹೋಗಿ.” ನನ್ನ ಒಳ್ಳೆಯದರ ಬಗ್ಗೆ ತಮಗೆಷ್ಟು ಕಾಳಜಿ! ಅದರಲ್ಲಿ ಕಾಲುಭಾಗ ಆ ಶೆಡ್ಡಿನ ಮೇಲಿದ್ದಿದ್ದರೆ ನಾನು ನಿಮ್ಮ ಮುಂದೆ ನಿಲ್ಲಬೇಕಾಗಿಯೇ ಇರಲಿಲ್ಲ. ಆದರೂ ನಿಮ್ಮ ಮಾತು ಕೇಳಿ ಮನೆಗೆ ಹೋದೆ, ನೋಡಿ. ಅಷ್ಟು ಹೇಡಿ ನಾನು.

ಮಲಕಪ್ಪ, ಮುತ್ತಣ್ಣ ಇಬ್ಬರೂ ಸುರಪುರದ ಕಡೆಯವರು, ಒಂದೇ ಊರು. ಲಗ್ಗೆರೆಯ ಒಂದೇ ಕಟ್ಟಡದ ಎರಡನೇ ಮಹಡಿಯಲ್ಲಿ ಎದುರುಬದುರು ಬಾಡಿಗೆ ಕೋಣೆ. ಆಸ್ಪತ್ರೆಯಿಂದ ಬಂದ ಮೇಲೆ ಗಾಯಕ್ಕೆ ಪಟ್ಟಿ ಹಾಕಿಸಲು ಮುತ್ತಣ್ಣನನ್ನು ಬೆನ್ನ ಮೇಲೆ ಹೊತ್ತು ಕೆಳಗಿಳಿಸುತ್ತಿದ್ದವನು ಮಲಕಪ್ಪ. ನಿಮ್ಮ ವರದಿ ಬಂದ ದಿನ ಮುತ್ತಣ್ಣನ ಹೆಂಡತಿ ದುರ್ಗವ್ವ ಮಲಕಪ್ಪನ ಮುಖಕ್ಕೆ ಬಾಗಿಲು ಹಾಕಿದಳು. ಈಗ ಮುತ್ತಣ್ಣ ಒಂದೊಂದೇ ಮೆಟ್ಟಿಲ ಮೇಲೆ ಕೂತು ಜಾರಿಕೊಂಡು ಇಳಿಯುತ್ತಾನೆ. ಮಲಕಪ್ಪ ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿರುತ್ತಾನೆ. ‘ಕಾಲು ತೆಗೆದ ಆಪರೇಟರ್’ ಎಂದು ಪೀಣ್ಯದ ಯಾವ ಗೇಟಿನಲ್ಲೂ ಅವನನ್ನು ಒಳಗೆ ಬಿಡುತ್ತಿಲ್ಲ.

ಕಳೆದ ಭಾನುವಾರ ಅಲ್ಲಿಗೆ ಹೋಗಿದ್ದೆ. ಮಲಕಪ್ಪನ ತಪ್ಪಿಲ್ಲವೆಂದೆ. ದುರ್ಗವ್ವ, “ಸರ್ಕಾರದ ಕಾಗದ ಸುಳ್ಳ ಹೇಳ್ತದೇನ್ರೀ ಅಣ್ಣಾ?” ಎಂದಳು. ಏನು ಹೇಳಲಿ ಆ ತಾಯಿಗೆ? ತಂತಿಯ ವಿಷಯ ಬಿಚ್ಚಿ ಹೇಳಿದೆ. ಮುತ್ತಣ್ಣ, “ಮತ್ತ ಇಷ್ಟ ದಿನಾ ಯಾಕ ಸುಮ್ನಿದ್ರೀ?” ಎಂದ. ಅವನಿಗೆ ಕೊಡಲಾಗದ ಉತ್ತರವನ್ನೇ ಈ ಬಹಿರಂಗ ಪತ್ರದಲ್ಲಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಹದಿನೆಂಟಕ್ಕೆ ನಾನು ಕೋರ್ಟಿಗೆ ಹೋಗಿ ನಿಲ್ಲುತ್ತೇನೆ. ಒಳಗೆ ಹಾಕಿದರೆ ಹಾಕಲಿ. ಆದರೆ ಎಲೆಕ್ಟ್ರಿಷಿಯನ್ ಒಬ್ಬನ ಮಾತು ಒಂದು ಕಡೆ, ಸರ್ಕಾರದ ಮೊಹರು ಇನ್ನೊಂದು ಕಡೆ. ಯಾವುದು ಗೆಲ್ಲುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ಅದಕ್ಕೆ ಮೊದಲೇ ಆ ವರದಿಯನ್ನು ನೀವಾಗಿ ಹಿಂದಕ್ಕೆ ಪಡೆಯಿರಿ. ಆ ದಿನ ತಪಾಸಣೆ ನಡೆಯಲೇ ಇಲ್ಲವೆಂದು ನ್ಯಾಯಾಲಯಕ್ಕೆ ಬರೆದು ಕೊಡಿ. ಇನ್ನೂ ಇಂಥ ಎಷ್ಟು ಕ್ರೇನುಗಳಿಗೆ ನೀವು ಕುರ್ಚಿಯಲ್ಲೇ ಕೂತು ಸಹಿ ಹಾಕಿದ್ದೀರೋ, ಅಷ್ಟೂ ಏಣಿಗಳನ್ನು ಈಗ ಹತ್ತಿ.

ವರದಿಯಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂದಿರುವ ಕಡೆ ‘ಚಾಲಕ’ನನ್ನು ಹೊಡೆದುಹಾಕಿ. ಆ ಜಾಗಕ್ಕೆ ಮೂರು ಹೆಸರು ಬೇಕು. ಮ್ಯಾನೇಜರದು ನಿಮ್ಮ ಕಡತದಲ್ಲೇ ಇದೆ. ನನ್ನದನ್ನು ಕೆಳಗೆ ಬರೆದಿದ್ದೇನೆ. ಮೂರನೆಯದನ್ನು ಈ ಪತ್ರದಲ್ಲಿ ನಾನು ಎಲ್ಲೂ ಬರೆದಿಲ್ಲ. ಅದನ್ನು ನೀವೇ, ನಿಮ್ಮ ಕೈಯಾರೆ ಬರೆಯಬೇಕು.

ಇಂತಿ,
ನಿಮ್ಮ ವರದಿಯಲ್ಲಿ ಇರಬೇಕಾಗಿದ್ದು ಬಿಟ್ಟುಹೋದವನು,
ಹನುಮಂತರಾಯಪ್ಪ
ಎಲೆಕ್ಟ್ರಿಷಿಯನ್, ಟಿ. ದಾಸರಹಳ್ಳಿ