ಗುಂಡನ ಸ್ನಾನ

ಇವಳೇ,

ಭೇಟಿಯ ಹೊತ್ತು ಮುಗಿಯಿತಂತೆ, ಅದಕ್ಕೇ ನರ್ಸಮ್ಮನ ಕೈಯಲ್ಲಿ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಗಿನಿಪಿಗ್ ಗುಂಡ ಬದುಕಿದ್ದಾನೆ. ಗಾಬರಿಯಾಗದೆ ಮುಂದೆ ಓದು.

ಬೆಳಿಗ್ಗೆ ನೋಡಿದರೆ ಅವನ ಹೊಟ್ಟೆಯಡಿಯ ಕೂದಲೆಲ್ಲ ಹಿಕ್ಕೆ ಮೆತ್ತಿ ಗಂಟಾಗಿತ್ತು. "ತೀರಾ ಗಲೀಜಾದ್ರೆ ಮಾತ್ರ ಸ್ನಾನ" ಎಂದು ನೀನು ಹೇಳಿದ್ದೆಯಲ್ಲ. ಕಾಲು ಜಾರದಂತೆ ಬೋಗುಣಿಯ ತಳಕ್ಕೆ ಟವೆಲ್ ಹಾಸಿ, ಎರಡು ಬೆರಳಷ್ಟು ಉಗುರುಬೆಚ್ಚಗಿನ ನೀರು ಹಾಕಿದೆ. ತಲೆಗೆ, ಕಿವಿಗೆ ಒಂದು ಹನಿಯೂ ತಾಗಿಸಲಿಲ್ಲ. ದಿನಕ್ಕೆ ಇಪ್ಪತ್ತು ತಲೆ ತೊಳೆಯುವ ಕ್ಷೌರಿಕ ನಾನು, ಒಂದೊಂದೇ ಗಂಟನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿದೆ ಕಣೇ. ಗುಂಡ ಒಂದು ಸಲ ಕಿರುಚಿದ, ಆಮೇಲೆ ಅಲುಗಾಡಲೇ ಇಲ್ಲ. ಕಣ್ಣು ತೆರೆದೇ ಇತ್ತು. ಸತ್ತೇ ಹೋದ ಎಂದುಕೊಂಡೆ. ನಿನಗೆ ಯಾವ ಮುಖ ಹೊತ್ತು ಹೇಳಲಿ? ಟವೆಲಿನಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು, ಬರಿಗಾಲಲ್ಲೇ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಓಡಿದೆ.

ಅವರು ಮುಟ್ಟಿ ನೋಡಿ, "ಏನೂ ಆಗಿಲ್ಲ ಯಜಮಾನ್ರೇ. ತುಂಬಾ ಹೆದ್ರಿದಾಗ ಇವು ಹೀಗೇ ಕಲ್ಲಾಗಿ ಕೂತ್ಬಿಡ್ತವೆ. ಚೆನ್ನಾಗಿ ಒರೆಸಿ, ಬೆಚ್ಚಗಿಡಿ" ಎಂದರು. ನಾನು ಮನೆಯಿಂದ ಹೊರಡುವಾಗ ಪೂರ್ತಿ ಒಣಗಿದ್ದ, ಸೌತೆಕಾಯಿ ತಿನ್ನುತ್ತಿದ್ದ.

ನಿನ್ನೆ ನೀನು, "ನಾಡಿದ್ದು ಆಪರೇಷನ್ ಇಟ್ಕೊಂಡು ಒಂದು ಮಾತೂ ಆಡ್ದೆ ಕೂತಿದೀರಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಡಾಕ್ಟರಮ್ಮ ಗುಂಡನ ಬಗ್ಗೆ ಹೇಳಿದ್ದು ನನ್ನನ್ನೂ ಸೇರಿಸಿಯೇ ಹೇಳಿದಂತಿತ್ತು.

ನಾಳೆ ಒಳಗೆ ಕರೆದುಕೊಂಡು ಹೋದಾಗ ಚಳಿಯಾದರೆ ಇನ್ನೊಂದು ಹೊದಿಕೆ ಕೇಳು. ಸಂಕೋಚಪಡಬೇಡ. ನಾನು ಬಾಗಿಲ ಹೊರಗೇ ಇರುತ್ತೇನೆ.

ಇಂತಿ,
ನಿನ್ನ ಮನೆಯವನು